ಬಣ್ಣಕ್ಕಿಂತ ಚಾಸಿ ಮುಖ್ಯ

ನಮ್ಮ ತೋಟ ಕೊಡಗಿನ ಮಾದಾಪುರದ ಹತ್ತಿರ. ಮೇನ್ ರೋಡಿನಿಂದ ಕಣಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ, ಆದರೆ ಮಣ್ಣು ದಾರಿ, ಪೂರ್ತಿ ಏರು. ಮಳೆ ಹಿಡಿದರೆ ಬಾಡಿಗೆ ಪಿಕಪ್‌ನವರು "ಅಕ್ಕಾ, ಮೇಲೆ ಹತ್ತಲ್ಲ" ಅಂತ ಗೊಬ್ಬರದ ಮೂಟೆಗಳನ್ನು ಗೇಟಿನಲ್ಲೇ ಇಳಿಸಿ ಹೋಗುತ್ತಾರೆ. ಅಲ್ಲಿಂದ ತಲೆಹೊರೆ. ಕೊಯ್ಲಿನ ಸಮಯದಲ್ಲಂತೂ ಕೇಳಿದ ದಿನ ಗಾಡಿ ಸಿಗಲ್ಲ. ಹಳೆಯದಾದರೂ ಸರಿ, ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ವ್ಯವಸ್ಥೆ) ಇರುವ ಬೊಲೆರೊ ಪಿಕಪ್ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಯ್ತು.

ಮೊದಲು ನೋಡಿದ್ದು ಕುಶಾಲನಗರದಲ್ಲಿ. ಹೊಸ ಬಿಳಿ ಪೇಂಟು, ಹೊಸ ಸೀಟ್ ಕವರ್. ನನಗೆ ಇಷ್ಟವಾಗಿಬಿಟ್ಟಿತ್ತು. ಜೊತೆಗೆ ಬಂದಿದ್ದ ಸುಂಟಿಕೊಪ್ಪದ ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಲೇ ಇಲ್ಲ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿದರು, ನನ್ನನ್ನೂ ಕರೆದರು. ಚಾಸಿಗೆ, ಅಂದರೆ ಇಡೀ ಗಾಡಿ ಕೂತಿರುವ ಕಬ್ಬಿಣದ ಚೌಕಟ್ಟಿಗೆ, ಆಗಷ್ಟೇ ಕಪ್ಪು ಬಣ್ಣ ಬಳಿದಿದ್ದರು. ಹಿಂದಿನ ಪ್ಲೇಟ್ ಸೆಟ್ಟಿನ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ) ಬ್ರಾಕೆಟ್ ಹತ್ತಿರ ಅಣ್ಣ ಸ್ಕ್ರೂಡ್ರೈವರ್ ತುದಿಯಿಂದ ಕೆರೆದರು. ಬಣ್ಣ ಹಪ್ಪಳದ ಹಾಗೆ ಎದ್ದು ಬಂತು, ತುಕ್ಕಿನ ಪುಡಿ ನನ್ನ ಕೈ ಮೇಲೆ ಸುರಿಯಿತು. ಇನ್ನೊಮ್ಮೆ ಒತ್ತಿದಾಗ ತುದಿ ಒಳಗೇ ಹೋಯ್ತು.

"ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು ತಂಗೀ. ಚಾಸಿ ಹೋದ್ರೆ ಗಾಡಿನೇ ಹೋಯ್ತು."

ನಮ್ಮ ಕಡೆ ಮಳೆಗಾಲದಲ್ಲಿ ಸಂದಿಯಲ್ಲಿ ಕೂತ ಕೆಸರು ತಿಂಗಳುಗಟ್ಟಲೆ ಒಣಗಲ್ಲ, ಅಲ್ವಾ. ಮೂಟೆಯಿಂದ ಸೋರಿದ ಪೊಟ್ಯಾಷ್ ಕೂಡ ಉಪ್ಪೇ, ಕಬ್ಬಿಣವನ್ನು ತಿಂದುಬಿಡುತ್ತೆ.

ಎರಡನೆಯದು ವಿರಾಜಪೇಟೆ ಕಡೆ ಒಬ್ಬ ಬೆಳೆಗಾರರದ್ದು, 2013ರ ಮಾಡೆಲ್. ಬಣ್ಣ ಮಾಸಿತ್ತು, ಎರಡೂ ಬದಿ ಕಾಫಿ ಗಿಡ ಗೀರಿದ ಗೆರೆಗಳು. ಕೆಳಗೆ ಮಾತ್ರ ಕಬ್ಬಿಣ ಗಟ್ಟಿ. ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ. ತಣ್ಣಗಿದ್ದ ಇಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಆಯಿಲ್ ಮುಚ್ಚಳ ತೆಗೆದರೆ ಹೊಗೆ ಉಗುಳಲಿಲ್ಲ, ಅಂದರೆ ಬ್ಯಾಕ್ ಕಂಪ್ರೆಷನ್ (ಸವೆದ ಇಂಜಿನ್‌ನಲ್ಲಿ ಸಿಲಿಂಡರಿನ ಗಾಳಿ ಕೆಳಗೆ ಸೋರುವುದು) ಇಲ್ಲ. ಆಮೇಲೆ ಅವರದೇ ಕಣದಿಂದ 50 ಕೆಜಿಯ ಹತ್ತು ಮೂಟೆ ಹೇರಿಸಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಬಲದ ಗೇರು) ಹಾಕಿ ಕೆಸರಿನ ಏರು ಹತ್ತಿಸಿದೆವು. ಖಾಲಿ ಗಾಡಿ ಓಡಿಸಿ ನೋಡಿದರೆ ಏನೂ ಗೊತ್ತಾಗಲ್ಲ. ಟಾರ್ ರೋಡಿಗೆ ಬಂದ ಕೂಡಲೇ ಅಣ್ಣ ಫೋರ್ ವೀಲ್ ತೆಗೆಸಿದರು. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಚಕ್ರ ಒಟ್ಟಿಗೇ ತಿರುಗಬೇಕು, ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡುತ್ತೆ. ಕೆಸರಾದರೆ ಚಕ್ರ ಜಾರಿ ಸರಿಹೋಗುತ್ತೆ, ಒಣ ಟಾರಿನಲ್ಲಿ ಜಾರದೆ ಗೇರುಗಳೇ ಬಿಗಿದುಕೊಳ್ಳುತ್ತವೆ.

ಕಾಗದದಲ್ಲಿ ಒಂದು ತೊಡಕಿತ್ತು. ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಎಚ್‌ಪಿ (ಗಾಡಿ ಸಾಲಕ್ಕೆ ಅಡವಿದೆ ಅನ್ನುವ ನಮೂದು) ಹಾಗೇ ಇತ್ತು. ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೆ ನಾನು ಅಡ್ವಾನ್ಸ್ ಬಿಟ್ಟು ಒಂದು ರೂಪಾಯಿ ಕೊಡಲಿಲ್ಲ. ಆಮೇಲೆ ಗಾಡಿಯನ್ನು ಹೊಸ ಹೆಸರಿಗೆ ಮಾಡುವ ಫಾರ್ಮ್ 29, 30ಕ್ಕೆ ಸಹಿ. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಎಷ್ಟು ಹೇರಬಹುದು ಅಂತ ಸಿಗುತ್ತೆ. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

3,80,000 ಹೇಳಿದ್ದು 3,55,000ಕ್ಕೆ ಮುಗಿಯಿತು. ಕ್ಲಚ್, ಎರಡು ಟೈರು, ಬ್ರೇಕ್ ಲೈನಿಂಗ್ ಅಂತ ಇನ್ನೂ 31,000 ಹೋಯ್ತು.

ಹೋದ ವಾರ ಹದಿನಾರು ಮೂಟೆ ಸುಣ್ಣ ಸೀದಾ ಕಣಕ್ಕೇ ಬಂತು. ಅಪ್ಪ ಗೇಟಿನಿಂದ ಗಾಡಿಯ ಹಿಂದೆಯೇ ನಡೆದು ಬಂದರು. ಸಂಜೆ ಪೈಪ್ ಹಿಡಿದು ಚಾಸಿ ತೊಳೆದೆ. ಬ್ರಾಕೆಟ್ ಸಂದಿಗೆ ಬೆರಳು ಹಾಕಿ ಮಣ್ಣು ಕೆರೆದು ತೆಗೆದೆ.