ಸಂಗನಕಲ್ಲಿನಲ್ಲಿ ವಯಸ್ಸು ಹೇಳುವ ಹುರುಳಿಕಾಳು

ಬಳ್ಳಾರಿಗೆ ಬಂದವರು ಕೋಟೆ ಹತ್ತಿ, ಒಗ್ಗರಣೆ-ಮಿರ್ಚಿ ತಿಂದು ಹಂಪಿ ಬಸ್ಸು ಹಿಡಿಯುತ್ತಾರೆ. ನಾವು ಹಿಡಿದದ್ದು ಸಂಗನಕಲ್ಲು-ಕುಪ್ಪಗಲ್ಲಿನ ದಾರಿ. ಜೊತೆಗಿದ್ದ ಗೆಳೆಯನಿಗೆ ಗವಿಗಳ ಹುಚ್ಚು. ದಾರಿಯುದ್ದಕ್ಕೂ ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗವಿಯದೇ ಮಾತು. 2013ರಲ್ಲಿ ಇಬ್ಬರು ಹವ್ಯಾಸಿಗಳು ಗೇಣಿಗಿಂತ ಕಿರಿದಾದ ಸಂದಿಯಲ್ಲಿ ನುಸುಳಿ ಇಳಿದರೆ ಕೆಳಗೆ ಎಲುಬುಗಳ ರಾಶಿ! ಹೋಮೊ ನಲೇಡಿ ಎಂಬ ಹೊಸ ಮಾನವ ಪ್ರಭೇದ ಸಿಕ್ಕಿದ್ದು ಹಾಗೆ. ಆ ಎಲುಬುಗಳ ವಯಸ್ಸು ಪ್ರಕಟವಾದದ್ದು ಮಾತ್ರ 2017ರಲ್ಲಿ: 2,36,000ದಿಂದ 3,35,000 ವರ್ಷ.

ಸಂಗನಕಲ್ಲಿನ ಹಿರೇಗುಡ್ಡ ಹತ್ತುವಾಗ ಅವನ ಉತ್ಸಾಹ ಇಳಿಯಿತು. ಇಲ್ಲಿರುವುದು ಗ್ರಾನೈಟ್ ಗುಂಡುಗಳು. ಸುಣ್ಣಕಲ್ಲಿನ ಆಳವಾದ ಗವಿಗಳಿಲ್ಲ. ನನಗೇನೋ ಕಾಲಡಿಯ ಡೋಲರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನ ಚಕ್ಕೆಗಳೇ ಸಾಕಾಗಿದ್ದವು. ನವಶಿಲಾಯುಗದವರು ಕೊಡಲಿ ಕೆತ್ತುತ್ತಿದ್ದ ಜಾಗ ಇದು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲೇ ಇದನ್ನು ಗುರುತಿಸಿದ್ದ. ಕುಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳ ಚಿತ್ರಗಳಿವೆ. ಕೆಲವು ಕಲ್ಲುಗಳನ್ನು ಬಡಿದರೆ ಗಂಟೆಯಂತೆ ದನಿ ಬರುತ್ತದೆ. ಸುತ್ತ ಕಲ್ಲುಗಣಿಗಾರಿಕೆ ಇಷ್ಟು ಹತ್ತಿರ ಬರಲು ಬಿಟ್ಟವರ ಬಗ್ಗೆ ಸಿಟ್ಟು ಬಂತು.

ಇಂಥ ಹಳೆಯ ಎಲುಬುಗಳ ವಯಸ್ಸು ತಿಳಿಯುವುದು ಹೇಗೆ? ಗವಿಯಲ್ಲಿ ಹೂಳಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಅದರೊಳಗಿನ ಯುರೇನಿಯಂ ಥೋರಿಯಂ ಆಗಿರುವ ಪ್ರಮಾಣ ನೋಡಿ ಕಾಲ ಲೆಕ್ಕ ಹಾಕಬಹುದು. ನಲೇಡಿ ವಿಷಯದಲ್ಲಿ ಅದರ ಜೊತೆಗೆ ಹಲ್ಲುಗಳನ್ನೇ ಪರೀಕ್ಷಿಸಿದರು. ಒಮ್ಮೆ ಜೀವವಿದ್ದ ವಸ್ತುವಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆಯುವ ರೇಡಿಯೋ ಕಾರ್ಬನ್ ವಿಧಾನ ಅಲ್ಲಿ ಕೆಲಸಕ್ಕೆ ಬಾರದು. ಅದರ ಕೈ ಎಟುಕುವುದು ಸುಮಾರು 50,000 ವರ್ಷದವರೆಗೆ. ನಮ್ಮ ನವಶಿಲಾಯುಗಕ್ಕೆ ಅದು ಧಾರಾಳ ಸಾಕು, ಆದರೆ ತೊಡಕು ಬೇರೆ. ಎಲುಬಿನ ಕಾಲ ನಿರ್ಣಯಕ್ಕೆ ಅದರೊಳಗಿನ ಕೊಲಾಜೆನ್ ಎಂಬ ಪ್ರೋಟೀನು ಉಳಿದಿರಬೇಕು. ಈ ಬಿಸಿಲುನಾಡಿನ ಮಣ್ಣಿನಲ್ಲಿ ಅದು ಉಳಿಯುವುದು ಕಷ್ಟ. ಇದೇ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ 1960ರ ದಶಕದ ಉತ್ಖನನದಲ್ಲಿ ಸಮಾಧಿಗಳೇನೋ ಸಿಕ್ಕವು. ನವಶಿಲಾಯುಗದಲ್ಲಿ ಎಳೆಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುವ ವಾಡಿಕೆ ಇತ್ತು. ಆದರೆ ಅಂಥ ಸಮಾಧಿಗಳು ಎಷ್ಟು ಹಳೆಯವೆಂದು ತಿಳಿಯಲು ಹೆಚ್ಚಾಗಿ ಅದೇ ಪದರದಲ್ಲಿ ಸುಟ್ಟು ಕರಕಲಾದ ಹುರುಳಿ, ಹೆಸರು, ಕೊರಲೆಯ ಕಾಳುಗಳನ್ನೇ ಕೇಳಬೇಕು. ಒಲೆಯ ಕರಕಲು ಉಳಿದಷ್ಟು ಎಲುಬಿನ ಸತ್ವ ಇಲ್ಲಿ ಉಳಿಯುವುದಿಲ್ಲ.

ಸಂಜೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗ್ರಹಾಲಯದಲ್ಲಿ ಕೊಡಲಿಗಳ ಮುಂದೆ ನಿಂತು ಗೆಳೆಯ ತಕರಾರು ತೆಗೆದ: ‘ಇಲಿ ಬಿಲ ತೋಡಿ ಕಾಳನ್ನು ಕೆಳಗಿನ ಪದರಕ್ಕೆ ಬೀಳಿಸಿದ್ದರೆ?’ ಒಳ್ಳೆಯ ಪ್ರಶ್ನೆಯೇ. ಅದಕ್ಕೇ ಒಂಟಿ ಕಾಳನ್ನು ಯಾರೂ ನಂಬುವುದಿಲ್ಲ. ಪದರದಿಂದ ಪದರಕ್ಕೆ ಹಲವು ಕಾಳುಗಳ ಕಾಲ ತೆಗೆದು, ಮೇಲಿನದು ಕೆಳಗಿನದಕ್ಕಿಂತ ಹೊಸದಾಗಿದೆಯೇ ಎಂದು ತಾಳೆ ನೋಡುತ್ತಾರೆ. ತಾಳೆಯಾಗದ ಕಾಳಿನ ಮೇಲೆ ಮೊದಲ ಅನುಮಾನ ಇಲಿಯದೇ.