ಡೇಟಾ ಬೇಡದ ಟಿವಿ ಫೋನು

ಸಿಮ್ ಬೇಡ, ಡೇಟಾ ಬೇಡ, ಪ್ರಸಾರ ಗೋಪುರದಿಂದ ನೇರವಾಗಿ ಮೊಬೈಲಿಗೇ ಟಿವಿ! ಇಂಥ ‘ಡೈರೆಕ್ಟ್ ಟು ಮೊಬೈಲ್’ ಫೋನುಗಳನ್ನು 2025ರಲ್ಲಿ ಫಿನ್ಲೆಂಡಿನ ಫೋನ್ ಕಂಪನಿ ಎಚ್‌ಎಂಡಿ ಘೋಷಿಸಿತು. ಒಳಗಿನ ಚಿಪ್ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್‌ನದು ಎಂಬುದು ನನಗೆ ದೊಡ್ಡ ಸಂತೋಷ. ಪ್ರಸಾರದ ಟಿವಿ ತೋರಿಸಬಲ್ಲ ನೋಕಿಯಾ ಎನ್92 ಫೋನು ಈ ಆಸೆಯನ್ನು 2005ರಲ್ಲೇ ಹುಟ್ಟಿಸಿತ್ತು. ಆದರೆ ಪ್ರಸಾರವೇ ಇಲ್ಲದ ಊರಿನಲ್ಲಿ ಟಿವಿ ಫೋನು ಏನು ಮಾಡೀತು?

ಹಾಗಾಗಿ ಕ್ಯಾಮೆರಾ, ಪರದೆಗಳ ಮಾತು ಆಮೇಲೆ. ನಮ್ಮ ಬದಿಯಡ್ಕ, ಪೆರ್ಲದ ಗುಡ್ಡಗಳ ನಡುವೆ ಸಿಗ್ನಲ್ ಸಿಗುತ್ತದೆಯೇ? ಸಿಕ್ಕರೆ ಅದರಲ್ಲಿ ಚಂದನ ವಾಹಿನಿ ಇರುತ್ತದೆಯೇ? ಆಟಿಯ ಮಳೆಗೆ ಕರೆಂಟು ಹೋಗಿ, ಮೊಬೈಲ್ ಟವರೂ ಕೈಕೊಟ್ಟಾಗ, ಕಾಸರಗೋಡಿನ ಅಜ್ಜಿಯಂದಿರಿಗೆ ಹವಾಮಾನದ ಎಚ್ಚರಿಕೆ ಕನ್ನಡದಲ್ಲೇ ತಲುಪಬೇಕು. ಮಲಯಾಳ ವಾಹಿನಿಗಳು ಬರಲಿ, ಜೊತೆಗೆ ಚಂದನವೂ ಬರಲಿ. ಅಷ್ಟು ಸಿಕ್ಕರೆ ಮನೆಯವರಿಗೆಲ್ಲ ಇದೇ ಫೋನು ಕೊಡಿಸುತ್ತೇನೆ.