ಮೇಪಲ್ ಬೋನ್ಸಾಯ್‌ಗೆ ಮಣ್ಣು: ಅನುಪಾತಕ್ಕಿಂತ ಮೊದಲು ಜರಡಿ

ಶನಿವಾರ, 22 ಫೆಬ್ರುವರಿ 2025
ಪೋರ್ಟ್‌ಲೆಂಡ್, ಆರೆಗನ್

ಜಪಾನಿ ಮೇಪಲ್‌ಗಳ ಮೊಗ್ಗು ಉಬ್ಬಿದೆ. ಹೊರಸಿಪ್ಪೆ ಸರಿದು ಒಳಗಿನ ಕೆಂಪು ಕಾಣುತ್ತಿದೆ, ಎಲೆ ಇನ್ನೂ ಬಿಚ್ಚಿಲ್ಲ. ಕುಂಡ ಬದಲಿಸಲು ಇದೇ ಸಮಯ. ಇಲ್ಲಿನ ಹವೆಯಲ್ಲಿ ಮಾರ್ಚ್ ನಡುವಿನವರೆಗೂ ಈ ಕೆಲಸಕ್ಕೆ ಅವಕಾಶವಿದೆ. ಎಲೆ ಬಿಚ್ಚಿದ ಮೇಲೆ ಬೇರು ಕತ್ತರಿಸಿದರೆ ಗಿಡ ಆ ವರ್ಷವಿಡೀ ಸೊರಗುತ್ತದೆ. ಮಳೆ ಬಿಟ್ಟಿಲ್ಲವಾದ್ದರಿಂದ ಇವತ್ತು ಗ್ಯಾರೇಜಿನಲ್ಲಿ ಮಣ್ಣಿನ ಕೆಲಸ ಮಾತ್ರ: ಜರಡಿ ಹಿಡಿಯುವುದು, ತೊಳೆಯುವುದು, ಅಳೆದು ಬೆರೆಸುವುದು.

ಮೇಪಲ್‌ಗೆ ಯಾವ ಮಿಶ್ರಣ ಎಂದರೆ ಎಲ್ಲರ ಬಾಯಲ್ಲೂ ಒಂದು ಅನುಪಾತ ಸಿದ್ಧವಿರುತ್ತದೆ. ಒಬ್ಬರು ನೂರಕ್ಕೆ ನೂರು ಅಕಡಾಮಾ (ಜಪಾನಿನ ಕಾಳುಕಾಳಾದ ಜೇಡಿಮಣ್ಣು) ಅನ್ನುತ್ತಾರೆ. ಇನ್ನೊಬ್ಬರು ಎರಡು ಪಾಲು ಅಕಡಾಮಾ, ಒಂದೊಂದು ಪಾಲು ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಮತ್ತು ಲಾವಾ ಕಲ್ಲಿನ ಚೂರು ಅನ್ನುತ್ತಾರೆ. ಎರಡೂ ತಪ್ಪಲ್ಲ. ಆದರೆ ಅನುಪಾತಕ್ಕೆ ಬರುವ ಮೊದಲು ಗಿಡ ಯಾವ ಹಂತದಲ್ಲಿದೆ, ಕುಂಡ ಎಷ್ಟು ಆಳ, ನಿಮ್ಮೂರಿನಲ್ಲಿ ಮಳೆ ಯಾವ ತಿಂಗಳು ಬೀಳುತ್ತದೆ ಎನ್ನುವುದು ಗೊತ್ತಿರಬೇಕು. ಕೊನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸೈತಾಮಾದ ಓಮಿಯಾ ಬೋನ್ಸಾಯ್ ಗ್ರಾಮವನ್ನೇ ನೋಡಿ. 1923ರ ಕಾಂಟೊ ಭೂಕಂಪದ ನಂತರ ಟೋಕಿಯೊದ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ಮಣ್ಣು, ಜಾಗ ಅರಸಿ ಹೋಗಿ 1925ರಲ್ಲಿ ಕಟ್ಟಿಕೊಂಡ ಊರು ಅದು. ಎಲೆ ಉದುರುವ ಮರಗಳಿಗೆ ಜಪಾನಿನಲ್ಲಿ ಸಾಮಾನ್ಯವಾಗಿ ಬಳಸುವುದು ಏಳೆಂಟು ಪಾಲು ಅಕಡಾಮಾ, ಎರಡು ಮೂರು ಪಾಲು ಕಿರ್ಯು ಎಂಬ ಜ್ವಾಲಾಮುಖಿ ಮರಳು. ಆ ಸೀಮೆಯ ಚಳಿಗಾಲ ಒಣ, ಬಿಸಿಲಿನದು. ಜೋರು ಮಳೆ ಬರುವುದು ಜೂನ್-ಜುಲೈಯಲ್ಲಿ, ಮತ್ತೆ ಸೆಪ್ಟೆಂಬರ್ ಸುತ್ತಮುತ್ತ. ಅಂದರೆ ಗಿಡ ಎಲೆ ತುಂಬಿಕೊಂಡು ನೀರೆಳೆಯುವ ಕಾಲದಲ್ಲಿ. ಪೋರ್ಟ್‌ಲೆಂಡಿನಲ್ಲಿ ಎಲ್ಲ ಉಲ್ಟಾ. ನವೆಂಬರಿನಿಂದ ಮಾರ್ಚ್‌ವರೆಗೆ ಜಿಟಿಜಿಟಿ, ಜುಲೈ-ಆಗಸ್ಟ್‌ನಲ್ಲಿ ಹನಿಯೂ ಅಪರೂಪ. ಎಲೆಯಿಲ್ಲದ ಮರ ಐದು ತಿಂಗಳು ನೆನೆಯುತ್ತಾ ನಿಂತಿರುತ್ತದೆ, ಕುಡಿಯುವುದು ಅತ್ಯಲ್ಪ. ಓಮಿಯಾದ ಅಳತೆಯನ್ನು ಇಲ್ಲಿ ಹಾಗೇ ನಕಲು ಮಾಡಿದರೆ ಅಕಡಾಮಾ ಚಳಿಗಾಲದಲ್ಲೇ ಮೆತ್ತಗಾಗಿ ತಳದಲ್ಲಿ ಕೆಸರು ಕಟ್ಟುತ್ತದೆ. ಹಾಗಾಗಿ ಇಲ್ಲಿ ಪ್ಯೂಮಿಸ್ ಪಾಲು ಸ್ವಲ್ಪ ಏರಬೇಕು. ಒಳ್ಳೆಯ ಪ್ಯೂಮಿಸ್ ಮಧ್ಯ ಆರೆಗನ್ನಿನ ಬೆಂಡ್ ಊರಿನ ಆಸುಪಾಸಿನಿಂದಲೇ ಬರುವುದರಿಂದ ಅದು ದುಬಾರಿಯೂ ಅಲ್ಲ.

ಇನ್ನು ಹಂತದ ಮಾತು. ಕಾಂಡ ದಪ್ಪವಾಗಬೇಕಾದ ಎಳೆ ಗಿಡಕ್ಕೆ ಅಕಡಾಮಾ ಸುರಿಯುವುದು ದುಡ್ಡು ದಂಡ. 15-20 ಸೆಂ.ಮೀ. ಆಳದ ಮರದ ಪೆಟ್ಟಿಗೆ, ಅದಕ್ಕೆ 6ರಿಂದ 10 ಮಿ.ಮೀ. ಪ್ಯೂಮಿಸ್ ಮೂರು ಪಾಲು, ಕಳಿತ ಡಗ್ಲಸ್ ಫರ್ ತೊಗಟೆ ಒಂದು ಪಾಲು, ಇಷ್ಟು ಸಾಕು. ತೊಗಟೆ ಹಸಿಯಾಗಿದ್ದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಂಡು ಎಲೆಯನ್ನು ಬಿಳಿಚಿಸುತ್ತದೆ. ಕಪ್ಪಾಗಿ, ಕಾಡಿನ ಮಣ್ಣಿನ ವಾಸನೆ ಬರುವಂಥದ್ದನ್ನೇ ಆರಿಸಿ. ಇಂಥ ಒರಟು ಮಿಶ್ರಣದಲ್ಲಿ ಗಾಳಿ ಧಾರಾಳ, ಬೇರು ಉದ್ದಕ್ಕೆ ಓಡುತ್ತದೆ, ಮೇಲೆ ಚಿಗುರೂ ಉದ್ದುದ್ದ ಗೆಣ್ಣುಗಳೊಂದಿಗೆ ಚಿಮ್ಮುತ್ತದೆ. ಆ ಹಂತದಲ್ಲಿ ನಮಗೆ ಬೇಕಾದ್ದೂ ಅದೇ.

ಕೊಂಬೆ ಸೂಕ್ಷ್ಮವಾಗಬೇಕಾದ ಗಿಡಕ್ಕೆ ಅದೇ ಮಿಶ್ರಣ ಹಾಕಿದರೆ ಕೆಲಸ ಕೆಟ್ಟಿತು. ಗೆಣ್ಣಿನಿಂದ ಗೆಣ್ಣಿಗೆ ಎರಡು ಇಂಚು ಬೆಳೆದ ಚಿಗುರನ್ನು ಎಷ್ಟು ಸಲ ಚಿವುಟಿದರೂ ನಯವಾದ ಕವಲು ಬರುವುದಿಲ್ಲ. ಮೇಲೆ ನವುರು ಕವಲು ಬೇಕಾದರೆ ಕೆಳಗೆ ನವುರು ಬೇರು ಬೇಕು. ಅದಕ್ಕೆ ಸಣ್ಣ ಕಾಳು, ಏರಿಳಿತವಿಲ್ಲದ ತೇವ ಬೇಕು. ಅಕಡಾಮಾಗೆ ಬೆಲೆ ಕಟ್ಟುವುದು ಇಲ್ಲಿ. ಕಾಳಿನ ಒಳಗೆ ನೀರು, ಕಾಳುಗಳ ನಡುವೆ ಗಾಳಿ. ಬೇರಿನ ತುದಿ ಕಾಳಿನೊಳಕ್ಕೇ ನುಗ್ಗಿ ಅದನ್ನು ಸೀಳುತ್ತದೆ, ತಾನೂ ಕವಲೊಡೆಯುತ್ತದೆ. ಅಕಡಾಮಾ ಒಡೆಯುತ್ತದೆ ಎಂದು ದೂರುವವರು ಇದನ್ನು ಗಮನಿಸಬೇಕು: ನಿಧಾನಕ್ಕೆ, ಬೇರಿನ ಕೈಯಲ್ಲಿ ಒಡೆದರೆ ಅದು ಗುಣ. ಮಂಜು ಕರಗಿ ಹೆಪ್ಪುಗಟ್ಟುವ ಆಟದಲ್ಲಿ ಒಂದೇ ಚಳಿಗಾಲಕ್ಕೆ ಕೆಸರಾದರೆ ಮಾತ್ರ ದೋಷ.

ಚೀಲದ ಮೇಲೆ ಗಟ್ಟಿ ಎಂದು ಬರೆದಿದ್ದರೆ ನಂಬಿ ಕೂರಬೇಡಿ. ಒಂದು ಹಿಡಿ ಕಾಳನ್ನು ಗಾಜಿನ ಲೋಟದಲ್ಲಿ ನೀರು ಹಾಕಿ ರಾತ್ರಿಯಿಡೀ ನೆನೆಸಿ, ನೀರು ಬಸಿದು ಫ್ರೀಜರಿನಲ್ಲಿಡಿ, ಮರುದಿನ ಹೊರಗಿಟ್ಟು ಕರಗಲು ಬಿಡಿ. ಇದನ್ನೇ ಎರಡು ಮೂರು ಸುತ್ತು ಮಾಡಿ ಬೆರಳಿನಲ್ಲಿ ಒತ್ತಿ ನೋಡಿ. ಒಳ್ಳೆಯ ಮಾಲಿನಲ್ಲಿ ಕಾಳು ಕಾಳಾಗಿಯೇ ಉಳಿಯುತ್ತದೆ, ಉಗುರು ಊರಿದರಷ್ಟೇ ಸೀಳುತ್ತದೆ. ಕೆಟ್ಟ ಮಾಲು ಬೆರಳಿಗೆ ಬೆಣ್ಣೆಯ ಹಾಗೆ ಮೆತ್ತಿಕೊಳ್ಳುತ್ತದೆ. ಅದನ್ನು ಪ್ರತಿ ವರ್ಷ ಕುಂಡ ಬದಲಿಸುವ ಪುಟ್ಟ ಗಿಡಗಳಿಗೆ ಎತ್ತಿಡಿ.

ಜರಡಿಯ ಕೆಲಸಕ್ಕೆ ಮೂರು ಬಲೆ ಬೇಕು: 6 ಮಿ.ಮೀ., 3 ಮಿ.ಮೀ., 1.5 ಮಿ.ಮೀ. ದೊಡ್ಡದರಲ್ಲಿ ಉಳಿದದ್ದು ಪೆಟ್ಟಿಗೆಯ ಗಿಡಗಳಿಗೆ. 3ರ ಮೇಲೆ ಉಳಿದದ್ದು 6 ಸೆಂ.ಮೀ.ಗಿಂತ ಆಳದ ಕುಂಡಗಳಿಗೆ. 1.5ರ ಮೇಲೆ ಉಳಿದದ್ದು ಅಂಗೈಯಗಲದ ಶೋಹಿನ್ ಗಿಡಗಳಿಗೆ, ಮತ್ತು ಎಲ್ಲ ಕುಂಡಗಳ ಮೇಲ್ಪದರಕ್ಕೆ. ಅದರ ಕೆಳಗೆ ಬಿದ್ದ ಹುಡಿ ಯಾವ ಕುಂಡಕ್ಕೂ ಬೇಡ. 14 ಲೀಟರಿನ ಚೀಲದಲ್ಲಿ ಒಂದೆರಡು ಲೀಟರ್ ಹೀಗೆ ಹೋದರೆ ಹೊಟ್ಟೆ ಉರಿಯುತ್ತದೆ ನಿಜ. ಆದರೆ ಆ ಹುಡಿಯೇ ನೀರಿನ ಜತೆ ಇಳಿದು ತಳದಲ್ಲಿ ಕೂತು ತೂತು ಮುಚ್ಚುವುದು. ಅಕಡಾಮಾವನ್ನು ಒಣಗಿದ್ದಾಗಲೇ ಜರಡಿ ಹಿಡಿಯಬೇಕು, ತೊಳೆಯಬಾರದು. ತೊಳೆದರೆ ಮೂಲೆಗಳು ಸವೆದು ಇನ್ನಷ್ಟು ಹುಡಿ. ಪ್ಯೂಮಿಸ್ ಮಾತ್ರ ಬಕೆಟ್ಟಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ, ಇದು ಶೋಕಿಯಲ್ಲ.

ಎರಡೂ ಒಂದೇ ಗಾತ್ರದಲ್ಲಿರಬೇಕು. 5 ಮಿ.ಮೀ. ಪ್ಯೂಮಿಸ್‌ಗೆ 2 ಮಿ.ಮೀ. ಅಕಡಾಮಾ ಸೇರಿಸಿದರೆ ಸಣ್ಣದು ದೊಡ್ಡದರ ಸಂದಿಯಲ್ಲಿ ಕೂತು ಗಾಳಿಯ ಜಾಗವನ್ನೇ ತುಂಬಿಬಿಡುತ್ತದೆ. ಅನುಪಾತ ಎಷ್ಟೇ ಸರಿಯಿದ್ದರೂ ಆಗ ನೀರು ಬಸಿಯುವುದಿಲ್ಲ.

ನಾಳೆಯ ಕುಂಡ ಅಂಡಾಕಾರದ್ದು, ಒಳಗಿನ ಅಳತೆ 38 x 28 ಸೆಂ.ಮೀ., ಆಳ 5. ಹಿಡಿಸುವುದು ಸುಮಾರು 4.2 ಲೀಟರ್. ಕತ್ತರಿಸಿದ ಬೇರಿನ ಚಪ್ಪಡಿ ಮೂರನೇ ಒಂದು ಪಾಲು ಆಕ್ರಮಿಸಿದರೆ ಬೇಕಾದ ಮಣ್ಣು 3 ಲೀಟರಿನ ಒಳಗೆ. ಅದಕ್ಕೆ ಅಕಡಾಮಾ 2 ಲೀಟರ್, ಪ್ಯೂಮಿಸ್ 1 ಲೀಟರ್. ಮಳೆ ತಾಗದ ಚಾವಣಿಯಡಿ ಚಳಿಗಾಲ ಕಳೆಯುವ ಗಿಡವಾದರೆ ಮುಕ್ಕಾಲು ಪಾಲು ಅಕಡಾಮಾ ಹಾಕಲು ಹಿಂಜರಿಯುವುದಿಲ್ಲ. ಲಾವಾ ಸೇರಿಸಿಲ್ಲ. ಅದರ ಚೂಪು ಮೂಲೆಗಳು ಮೇಪಲ್‌ನ ಕೂದಲು ಬೇರಿನಲ್ಲಿ ಸಿಕ್ಕಿಕೊಂಡರೆ ಮುಂದಿನ ಸಲ ಬಾಚಿ ಬಿಡಿಸುವಾಗ ಬೇರೇ ಕಿತ್ತು ಬರುತ್ತದೆ. ಪೈನ್, ಜೂನಿಪರ್‌ಗಳಿಗೆ ಇರಲಿ. ಬೇಸ್‌ಬಾಲ್ ಮೈದಾನಕ್ಕೆ ಹರಡುವ ಸುಟ್ಟ ಜೇಡಿಯ ಚೂರು ಅಗ್ಗ, ಆದರೆ ಚಪ್ಪಟೆ ಚೂರುಗಳು ಒಂದರ ಮೇಲೊಂದು ಮಲಗಿ ಪದರ ಕಟ್ಟುತ್ತವೆ. ಸಾಮಾನ್ಯ ಕುಂಡದ ಮಣ್ಣಂತೂ 5 ಸೆಂ.ಮೀ. ಆಳದಲ್ಲಿ ಸದಾ ಒದ್ದೆ.

ಯಾಕೆ ಸದಾ ಒದ್ದೆ? ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ಹನಿ ನಿಂತ ಮೇಲೆ ಉದ್ದಕ್ಕೆ ನೆಟ್ಟಗೆ ಹಿಡಿದರೆ ಮತ್ತೆ ನೀರು ಸುರಿಯುತ್ತದೆ. ಕುಂಡದಲ್ಲೂ ತಳದಿಂದ ಇಷ್ಟು ಎತ್ತರದವರೆಗೆ ನೀರು ಬಸಿಯದೆ ನಿಂತಿರುತ್ತದೆ. ಆ ಎತ್ತರವನ್ನು ಗೊತ್ತುಮಾಡುವುದು ಕಾಳಿನ ಗಾತ್ರ, ಕುಂಡದ ಆಳವಲ್ಲ. ಆಳದ ಕುಂಡದಲ್ಲಿ ಮೇಲೆ ಒಣ ಜಾಗ ಉಳಿಯುತ್ತದೆ. ತಟ್ಟೆಯಂಥ ಮೇಪಲ್ ಕುಂಡದಲ್ಲಿ ಅದೇ ಎತ್ತರದ ನೀರು ಅರ್ಧ ಕುಂಡವನ್ನೇ ಆವರಿಸಬಹುದು. ತಳಕ್ಕೆ ದಪ್ಪ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆಂಬ ನಂಬಿಕೆ ಇನ್ನೂ ಇದೆ. ಇಳಿಯುವುದಿಲ್ಲ; ಜಲ್ಲಿಯ ಮೇಲೆ ಅಷ್ಟೇ ಎತ್ತರದ ಒದ್ದೆ ಪದರ ನಿಲ್ಲುತ್ತದೆ, ಬೇರಿಗೆ ಉಳಿಯುವ ಜಾಗ ಇನ್ನೂ ಕಡಿಮೆ. 5 ಸೆಂ.ಮೀ. ಕುಂಡದಲ್ಲಿ 1 ಸೆಂ.ಮೀ. ಜಲ್ಲಿ ಎಂದರೆ ಐದನೇ ಒಂದು ಭಾಗ ಹೋಯಿತು. ತೂತಿನ ಮೇಲೆ ಪ್ಲಾಸ್ಟಿಕ್ ಬಲೆ, ನೇರ ಮಿಶ್ರಣ, ಅಷ್ಟೇ. ಚಳಿಗಾಲದ ಮಳೆಯಲ್ಲಿ ಕುಂಡದ ಒಂದು ತುದಿಗೆ ಮರದ ತುಂಡು ಕೊಟ್ಟು ವಾಲಿಸಿಟ್ಟರೆ ನಿಂತ ನೀರು ಒಂದಿಷ್ಟು ಹೊರಬೀಳುತ್ತದೆ.

ತುಂಬುವಾಗ ಚಾಪ್‌ಸ್ಟಿಕ್ಕನ್ನು ಕುಟ್ಟಾಣಿ ಮಾಡಬೇಡಿ. ಕುಟ್ಟಿದರೆ ಜರಡಿ ಹಿಡಿದ ಅಕಡಾಮಾ ಮತ್ತೆ ಹುಡಿ. ಬೇರಿನ ಸಂದಿಗೆ ಇಳಿಸಿ, ಮೆಲ್ಲಗೆ ಅಲ್ಲಾಡಿಸಿ, ಕಾಳು ತಾನಾಗಿ ಜಾರಿ ತುಂಬಲು ಬಿಡಿ. ಇನ್ನು ಇಳಿಯುವುದಿಲ್ಲ ಎಂದಾಗ ನಿಲ್ಲಿಸಿ. ಬುಡವನ್ನು ತಂತಿಯಿಂದ ಕುಂಡಕ್ಕೆ ಬಿಗಿದಿರಬೇಕು, ಗಾಳಿಗೆ ಅಲುಗಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಆಮೇಲೆ ಸಣ್ಣ ತೂತಿನ ಝಾರಿಯಲ್ಲಿ ನೀರು. ಮೊದಲು ತಳದಿಂದ ಹಳದಿ ನೀರು ಬರುತ್ತದೆ, ಅದು ತಿಳಿಯಾಗುವವರೆಗೆ ಸುರಿಯುತ್ತಲೇ ಇರಬೇಕು. ಇಲ್ಲಿ ಅವಸರ ಮಾಡಿದರೆ ಜರಡಿಯ ಶ್ರಮ ವ್ಯರ್ಥ.

ಮಿಶ್ರಣ ಚೆನ್ನಾಗಿದ್ದೂ ಗಿಡ ಸೊರಗುವುದುಂಟು. ಕಾರಣ ಬಹುಪಾಲು ನಡುವಿನ ಹಳೆಯ ಮಣ್ಣು. ವಿಲಾಮೆಟ್ ಕಣಿವೆಯ ನರ್ಸರಿಗಳಿಂದ ತಂದ ಮೇಪಲ್‌ಗಳ ಬುಡದಲ್ಲಿ ತೊಗಟೆಯ ಮಿಶ್ರಣ ಗಟ್ಟಿಯಾಗಿ ಕೂತಿರುತ್ತದೆ. ಸುತ್ತ ಹೊಸ ಅಕಡಾಮಾ ತುಂಬಿದರೆ ನೀರು ಹೊರವರ್ತುಲದಲ್ಲೇ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಕುಂಡದ ಅಂಚು ಒದ್ದೆ, ಬುಡದ ಒಳಗೆ ಬೂದಿಯಷ್ಟು ಒಣ. ಆರೋಗ್ಯವಾದ ಎಳೆ ಗಿಡವಾದರೆ ಈಗಲೇ ಪೂರ್ತಿ ತೊಳೆದು ಬರಿಬೇರು ಮಾಡಬಹುದು. ಹಳೆಯ ಮರವಾದರೆ ಈ ಸಲ ಅರ್ಧ ಬದಿ, ಮುಂದಿನ ಸಲ ಇನ್ನರ್ಧ. ಮೇಪಲ್ ಸತ್ತ ಕುಂಡದ ಮಣ್ಣನ್ನು ಮಾತ್ರ ಮರುಬಳಸಲೇಬೇಡಿ. ವರ್ಟಿಸಿಲಿಯಮ್ ಎಂಬ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಣಗಿದ ಕೊಂಬೆ ಕತ್ತರಿಸಿದಾಗ ಒಳಗೆ ಕಪ್ಪು-ಹಸಿರು ಗೆರೆ ಕಂಡರೆ ಅದರದೇ ಗುಮಾನಿ.

ಟ್ರೈಡೆಂಟ್ ಮೇಪಲ್‌ಗೆ ಇಷ್ಟು ನಾಜೂಕು ಬೇಡ. ಬೇರು ದಪ್ಪ, ನೀರು ತುಂಬಿಕೊಳ್ಳುವಂಥದ್ದು, ಅರ್ಧಕ್ಕರ್ಧ ಪ್ಯೂಮಿಸ್‌ನಲ್ಲೂ ನಗುತ್ತಿರುತ್ತದೆ. ಆದರೆ ಆ ನೀರು ತುಂಬಿದ ಬೇರು ಹೆಪ್ಪುಗಟ್ಟಿದರೆ ಕೊಳೆತುಹೋಗುತ್ತದೆ, ಆದ್ದರಿಂದ ಚಳಿಯಿಂದ ಮರೆ ಬೇಕು. ಜಪಾನಿ ಮೇಪಲ್‌ನ ದೆಶೋಜೊ, ಕಿಯೋಹಿಮೆಯಂಥ ನಾಜೂಕು ತಳಿಗಳಿಗೆ ಅಕಡಾಮಾ ಕಡಿಮೆ ಮಾಡಬೇಡಿ.

ನೀರಿನ ಗುಣವೂ ಮಿಶ್ರಣದ ಭಾಗವೇ. ಮೇಪಲ್‌ಗೆ ಹಿತವಾದ ಪಿಎಚ್ 5.5ರಿಂದ 6.5. ಪೋರ್ಟ್‌ಲೆಂಡಿನ ನಲ್ಲಿಗೆ ಬರುವ ಬುಲ್ ರನ್ ನದಿಯ ನೀರು ತೀರಾ ಮೃದು, ಚಿಂತೆಯಿಲ್ಲ. ಗಡಸು ನೀರಿನ ಊರಿನಲ್ಲಿ ಕಾಳಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಪಿಎಚ್ ಏರಿ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ, ನರ ಹಸಿರಾಗಿಯೇ ಇದ್ದು ಎಲೆ ಹಳದಿಯಾಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಮೇಪಲ್ ಬೆಳೆಸುತ್ತೇನೆನ್ನುವವರಿಗೆ ಇದು ಎರಡನೆಯ ಅಡ್ಡಿ. ಮೊದಲನೆಯದು ಚಳಿ: 7 ಡಿಗ್ರಿಗಿಂತ ಕೆಳಗೆ ಹಲವು ವಾರ ನಿದ್ದೆ ಹೋಗದ ಜಪಾನಿ ಮೇಪಲ್ ವರ್ಷ ವರ್ಷಕ್ಕೆ ಕ್ಷೀಣಿಸುತ್ತದೆ, ಯಾವ ಮಣ್ಣೂ ಅದಕ್ಕೆ ಮದ್ದಲ್ಲ. ಅಲ್ಲಿ ಇದೇ ಜರಡಿ ಲೆಕ್ಕವನ್ನು ಆಲ, ಅತ್ತಿಗಳ ಮೇಲೆ ಇಟ್ಟಿಗೆ ಚೂರಿನಲ್ಲಿ ಪ್ರಯೋಗಿಸಿದರೆ ಫಲವುಂಟು.

ಬೇಸಿಗೆಯನ್ನು ಮರೆತು ಬರೀ ಬಸಿಯುವುದನ್ನೇ ನೋಡಿದರೂ ಪೆಟ್ಟು ಬೀಳುತ್ತದೆ. 2021ರ ಜೂನ್ 28ರಂದು ಈ ಊರಿನಲ್ಲಿ 46.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಂಥ ದಿನ ಶುದ್ಧ ಪ್ಯೂಮಿಸ್‌ನ ತಟ್ಟೆ ಕುಂಡ ಮಧ್ಯಾಹ್ನದೊಳಗೆ ಒಣಗಿ ಎಲೆಯಂಚು ಸುಡುತ್ತದೆ. ಅದಕ್ಕೇ ಮೇಲ್ಪದರ: ಒಣ ಸ್ಫ್ಯಾಗ್ನಮ್ ಪಾಚಿ, ಗೋಡೆಯ ಮೇಲಿನ ಹಸಿರು ಪಾಚಿ, ಎರಡನ್ನೂ ಸಮ ಪಾಲು, 3 ಮಿ.ಮೀ. ಬಲೆಯಲ್ಲಿ ಉಜ್ಜಿ, ಒದ್ದೆ ಮಾಡಿ ಅರ್ಧ ಸೆಂ.ಮೀ.ಗಿಂತ ತೆಳ್ಳಗೆ ಹರಡಬೇಕು. ಮೇಲಿನ ಸೆಂಟಿಮೀಟರಿನಲ್ಲಿ ತೇವ ನಿಂತರೆ ಬುಡದ ಸುತ್ತ ಹರಡುವ ಬೇರುಗಳೂ ಬದುಕುತ್ತವೆ. ಕಾಂಡದ ತೊಗಟೆಗೆ ಪಾಚಿ ಏರದಂತೆ ಆಗಾಗ ಬ್ರಷ್ ಆಡಿಸಿ.

ಕುಂಡ ಬದಲಿಸಿದ ಮೇಲೆ ಮೈನಸ್ 2ಕ್ಕಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಗಿಡ ಗ್ಯಾರೇಜಿನೊಳಗೆ. ಪೆಟ್ಟಿಗೆಯ ಗಿಡಗಳಿಗೆ ಆರು ವಾರ ಬಿಟ್ಟು ಗೊಬ್ಬರ ಶುರು. ಕವಲು ಕಟ್ಟುವ ಹಂತದವಕ್ಕೆ ಮೊದಲ ಎಲೆ ಬಲಿಯುವ ಮೇ ಕೊನೆಯವರೆಗೂ ಏನೂ ಇಲ್ಲ. ಮೊದಲೇ ಕೊಟ್ಟರೆ ಗೆಣ್ಣು ಉದ್ದವಾಗುತ್ತದೆ. ಎಳೆಯವು ಎರಡು ವರ್ಷಕ್ಕೆ, ಹಳೆಯವು ಮೂರರಿಂದ ಐದು ವರ್ಷಕ್ಕೆ ಮತ್ತೆ ಈ ಮೇಜಿಗೆ ಬರುತ್ತವೆ. ಆದರೆ ಕ್ಯಾಲೆಂಡರಿಗಿಂತ ನೀರನ್ನು ನೋಡುವುದು ಮೇಲು: ಸುರಿದ ನೀರು ಮೇಲೆಯೇ ಕೊಳವಾಗಿ ಅರ್ಧ ನಿಮಿಷ ನಿಂತರೆ, ಅಥವಾ ಬೇರು ಒತ್ತಿ ಗಿಡ ಕುಂಡದಂಚಿಗಿಂತ ಮೇಲೆದ್ದಿದ್ದರೆ, ಮುಂದಿನ ಫೆಬ್ರುವರಿಯ ಪಟ್ಟಿಗೆ ಅದರ ಹೆಸರು.